ಮಾದರಿಯಂತ್ರ: ನಕ್ಷೆಯು ವಸ್ತುವಾಗುವ ಬಗೆ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ನಡೆದ ಅನುಭಾವಗೋಷ್ಠಿಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಮಠದ ಮಹೋತ್ಸವದ ವೇದಿಕೆಯಲ್ಲಿ ಯಂತ್ರದ ವಿಚಾರವೇಕೆಂದು ಕೆಲವರಿಗೆ ಶಂಕೆಯುಂಟಾಗಬಹುದು. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ನಿರೂಪಣವನ್ನು ಕೇಳಲು ಬಂದವರಿಗೆ ಪ್ಲಾಸ್ಟಿಕ್ಕು, ಲೇಸರು, ಕಂಪ್ಯೂಟರು ಎಂಬ ಶಬ್ದಗಳು ಒರಟಾಗಿ ಕೇಳಿಸುವುದು ಸಹಜವೇ ಸರಿ. ಆದರೆ ಬಾಚಿಕಾಯಕದ ಬಸವಪ್ಪನವರು ಶರಣರ ಸಮೂಹಕ್ಕೆ ತಮ್ಮ ಉಪಕರಣದ ಹೆಸರನ್ನು ಹೊರಗಿಟ್ಟು ಬಂದವರಲ್ಲ. ಅದನ್ನು ಹೊತ್ತುಕೊಂಡೇ ಬಂದವರು. ಕುಂಬಾರ ಗುಂಡಯ್ಯನವರು ಮಡಕೆಯನ್ನು ತಟ್ಟಿದ ನಾದಕ್ಕೆ ಪರಶಿವನೇ ಕುಣಿದನೆಂದು ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ವರ್ಣಿಸಿರುವನು. ಮಡಕೆಯನ್ನು ತಟ್ಟುವುದೆಂದರೆ ಕುಂಬಾರನ ಪಾಲಿಗೆ ಪರೀಕ್ಷೆಯೂ ಹೌದು. ಒಳಗೆ ಬಿರುಕಿದ್ದರೆ ನಾದವೇ ಅದನ್ನು ಹೇಳಿಬಿಡುತ್ತದೆ. ಮಾಡಿದ ವಸ್ತುವನ್ನು ತಟ್ಟಿನೋಡಿ, ಅದರ ದೋಷವನ್ನರಿತ ಮೇಲೆಯೇ ಪರರ ಕೈಗೆ ಕೊಡತಕ್ಕದ್ದೆಂಬ ಈ ಹಳೆಯ ಕಾಯಕಧರ್ಮಕ್ಕೆ ಒದಗಿಬಂದಿರುವ ಒಂದು ಹೊಸ ಸಾಧನವೇ ಪ್ರಕೃತ ಉಪನ್ಯಾಸದ ವಿಷಯ.

ಮನುಷ್ಯನು ಪದಾರ್ಥಕ್ಕೆ ಆಕಾರವನ್ನು ಕೊಡುವ ಮಾರ್ಗಗಳು ಪೂರ್ವದಿಂದಲೂ ಮುಖ್ಯವಾಗಿ ಎರಡು. ಬೇಡವಾದುದನ್ನು ತೆಗೆದುಹಾಕುವುದು ಒಂದು. ಶಿಲ್ಪಿಯ ಉಳಿ, ಬಡಗಿಯ ಬಾಚಿ, ಕಾರಖಾನೆಯ ಲೇತ್ ಯಂತ್ರ ಇವೆಲ್ಲ ಈ ಮಾರ್ಗಕ್ಕೆ ಸೇರಿದವು. ಅಚ್ಚನ್ನು ಮಾಡಿ ಅದರಲ್ಲಿ ಕರಗಿದ ಪದಾರ್ಥವನ್ನು ಎರೆಯುವುದು ಇನ್ನೊಂದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಎರಡನೆಯ ಮಾರ್ಗದ ವಿವರವು ಸೊಗಸಾಗಿ ಬಂದಿದೆ. ಮೊದಲು ಜೇನುಮೇಣದಿಂದ ಮೂರ್ತಿಯನ್ನು ಮಾಡಬೇಕು. ಅದರ ಮೇಲೆ ಮಣ್ಣನ್ನು ಲೇಪಿಸಿ ಒಣಗಿಸಬೇಕು. ಕಾಯಿಸಿದರೆ ಮೇಣವು ಕರಗಿ ಹೊರಗೆ ಹರಿಯುವುದು. ಉಳಿದ ಟೊಳ್ಳಿನಲ್ಲಿ ಲೋಹವನ್ನೆರೆದರೆ ಮೇಣದ ರೂಪವೇ ಲೋಹದ ರೂಪವಾಗುವುದು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಬೆಳ್ಳಿಯಾದರೆ ಅದರ ಹನ್ನೆರಡರಷ್ಟು, ಬಂಗಾರವಾದರೆ ಹದಿನಾರರಷ್ಟು ಲೋಹವನ್ನು ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅಲ್ಲಿಯೇ ಉಂಟು.

ಮೂರನೆಯ ಮಾರ್ಗವೊಂದಿದೆ. ಅದನ್ನು ಮನುಷ್ಯನಿಗಿಂತ ಗೆದ್ದಲು ಚೆನ್ನಾಗಿ ಬಲ್ಲುದು. ಹುತ್ತವನ್ನು ಯಾರೂ ಕೆತ್ತಲಿಲ್ಲ, ಯಾರೂ ಎರಕ ಹೊಯ್ಯಲಿಲ್ಲ. ಕಣದ ಮೇಲೆ ಕಣ ಕೂಡಿ, ಒಳಗಿನ ದಾರಿಗಳೂ ಕೋಣೆಗಳೂ ಸಹಿತ ಅದು ಮೇಲಕ್ಕೇಳುತ್ತದೆ. ಮಣ್ಣಿನ ಗೋಡೆಯನ್ನಿಕ್ಕುವ ಬಯಲುಸೀಮೆಯವರಿಗೂ ಈ ಮಾರ್ಗದ ಪರಿಚಯವಿದೆ. ಒಂದು ವರಸೆ ಮಣ್ಣನ್ನಿಟ್ಟು, ಅದು ಬಿಗಿದುಕೊಂಡ ಮೇಲೆ ಅದರ ಮೇಲೆ ಇನ್ನೊಂದು ವರಸೆ. ಈಗ ಹೇಳಬೇಕಾಗಿರುವ ಯಂತ್ರವು ಇದೇ ಮೂರನೆಯ ಮಾರ್ಗದ್ದು. ಇದಕ್ಕೆ ಪೇಟೆಯಲ್ಲಿ ತ್ರೀ-ಡಿ ಪ್ರಿಂಟರ್ ಎಂಬ ಹೆಸರು ಬಿದ್ದಿದೆ. ಆದರೆ ಇದು ಮೊದಲು ಹುಟ್ಟಿದ್ದು ಮಾದರಿಗಳನ್ನು ಬೇಗನೆ ಮಾಡಿಕೊಡುವುದಕ್ಕಾಗಿ. ಆದುದರಿಂದ ಮಾದರಿಯಂತ್ರವೆಂದರೆ ಅರ್ಥವು ಹೆಚ್ಚು ಸ್ಪಷ್ಟವಾಗುವುದು.

ಮಾದರಿಗೇಕೆ ಅಷ್ಟೊಂದು ಆತುರವೆಂದರೆ, ಕಾರಣವಿದೆ. ಒಂದು ಪ್ಲಾಸ್ಟಿಕ್ ವಸ್ತುವನ್ನು ಸಾವಿರಗಟ್ಟಲೆ ತಯಾರಿಸಬೇಕಾದರೆ ಮೊದಲು ಉಕ್ಕಿನಲ್ಲಿ ಅದರ ಅಚ್ಚನ್ನು ಕೊರೆಯಿಸಬೇಕು. ಆ ಅಚ್ಚಿಗೆ ಲಕ್ಷಗಟ್ಟಲೆ ರೂಪಾಯಿ ಹಿಡಿಯುತ್ತದೆ; ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆಯುತ್ತವೆ. ಅಷ್ಟೆಲ್ಲ ಆದ ಮೇಲೆ ಮುಚ್ಚಳವು ಕೂಡುವುದಿಲ್ಲವೆಂದೋ, ಹಿಡಿಕೆಯು ಕೈಗೊಗ್ಗುವುದಿಲ್ಲವೆಂದೋ ತಿಳಿದುಬಂದರೆ ಗತಿಯೇನು? ಅದಕ್ಕಾಗಿ ಕಾಗದದ ನಕ್ಷೆಯನ್ನು ಮುಂದಿಟ್ಟುಕೊಂಡು ಮರದಲ್ಲಿಯೋ ಮೇಣದಲ್ಲಿಯೋ ಒಂದು ಮಾದರಿಯನ್ನು ಕೈಯಾರೆ ಮಾಡಿಕೊಡುವ ನಿಪುಣರು ಇರುತ್ತಿದ್ದರು. ಅವರ ಕೆಲಸವು ನಾಜೂಕಾದುದು, ನಿಧಾನವಾದುದು. ನಕ್ಷೆಯಲ್ಲಿ ಒಂದು ಗೆರೆ ತಿದ್ದಿದರೆ ಅವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಇದರ ಫಲವಾಗಿ, ಬೇಸರದಿಂದಲೋ ವೆಚ್ಚದ ಭಯದಿಂದಲೋ, ಜನರು ತಪ್ಪನ್ನು ಕಂಡೂ ಕಾಣದಂತೆ ಮುಂದೆ ಹೋಗುವ ಅಭ್ಯಾಸವೂ ಬೆಳೆದಿತ್ತು.

ಈ ಕಷ್ಟವನ್ನು ಬಿಡಿಸುವ ಯೋಚನೆಯು ಮೂರು ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿತು. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಒಂದು ಬಗೆಯ ದ್ರವರಾಳವುಂಟು. ಜಪಾನಿನ ನಗೋಯಾ ನಗರದ ಕೈಗಾರಿಕಾ ಸಂಶೋಧನಾಲಯದಲ್ಲಿದ್ದ ಹಿದೆಯೊ ಕೊಡಾಮಾ ಎಂಬವರು, ಈ ರಾಳವನ್ನು ಪದರಪದರವಾಗಿ ಗಟ್ಟಿಮಾಡಿ ವಸ್ತುವನ್ನು ಕಟ್ಟಬಹುದೆಂದು ಪ್ರಯೋಗದಿಂದ ತೋರಿಸಿ 1981ರಲ್ಲಿ ಲೇಖನವನ್ನು ಪ್ರಕಟಿಸಿದರು. ಪೇಟೆಂಟಿಗಾಗಿ ಅರ್ಜಿಯನ್ನೂ ಕೊಟ್ಟಿದ್ದರು. ಆದರೆ ಅದರ ಮುಂದಿನ ಕ್ರಮವು ಅವಧಿಯೊಳಗೆ ನಡೆಯದೆ ಹಕ್ಕು ಕೈತಪ್ಪಿತು. ಫ್ರಾನ್ಸಿನಲ್ಲಿ ಲೆ ಮೆಹೋತೆ, ದ ವಿಟ್, ಆಂದ್ರೆ ಎಂಬ ಮೂವರು 1984ನೆಯ ಇಸವಿ ಜುಲೈ 16ರಂದು ಇಂಥದೇ ವಿಧಾನಕ್ಕೆ ಅರ್ಜಿ ಹಾಕಿದರು. ಇದರಿಂದ ವ್ಯಾಪಾರವಾಗಲಾರದೆಂದು ಅವರ ಮೇಲಿನವರು ಅದನ್ನು ಕೈಬಿಟ್ಟರು. ಮೂರು ವಾರ ಕಳೆದು, ಆಗಸ್ಟ್ 8ರಂದು, ಅಮೇರಿಕೆಯ ಚಾರ್ಲ್ಸ್ ಹಲ್ ಎಂಬ ಎಂಜಿನಿಯರರು ಅರ್ಜಿಯನ್ನು ಸಲ್ಲಿಸಿದರು. ಅವರಿಗೆ 1986ನೆಯ ಮಾರ್ಚ್ 11ರಂದು ಪೇಟೆಂಟು ದೊರೆಯಿತು. ಅದೇ ವರ್ಷ ಕಂಪನಿಯೂ ಸ್ಥಾಪಿತವಾಯಿತು. ಲೋಕವು ಹಲ್ಲರ ಹೆಸರನ್ನು ಬಲ್ಲುದು, ಕೊಡಾಮಾ ಅವರ ಹೆಸರನ್ನು ಬಲ್ಲವರು ಕೆಲವರೇ. 1995ರಲ್ಲಿ ಇಂಗ್ಲೆಂಡಿನ ರ್‍ಯಾಂಕ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿಕೊಟ್ಟದ್ದು ನ್ಯಾಯವಾಯಿತೆನ್ನಬೇಕು.

ಹಲ್ಲರು ಆಗ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಯಲ್ಲಿದ್ದರು. ಮೇಜುಗಳ ಮೇಲ್ಮೈಗೆ ಬಳಿದ ಲೇಪವನ್ನು ಅತಿನೇರಳೆ ಬೆಳಕಿನಿಂದ ಕ್ಷಣಮಾತ್ರದಲ್ಲಿ ಗಟ್ಟಿಮಾಡುವುದು ಆ ಸಂಸ್ಥೆಯ ಉದ್ಯೋಗ. ಒಂದು ಲೇಪವು ಗಟ್ಟಿಯಾಗುವುದಾದರೆ, ಅದರ ಮೇಲೆ ಮತ್ತೊಂದು, ಮಗುದೊಂದು ಲೇಪವನ್ನು ಗಟ್ಟಿಮಾಡುತ್ತ ಹೋದರೆ ಎತ್ತರವು ಬಾರದೇ ಎಂಬ ಸರಳವಾದ ಪ್ರಶ್ನೆಯಿಂದ ಅವರು ಹೊರಟರು. ಹಗಲಿನ ಕೆಲಸ ಮುಗಿದ ಮೇಲೆ ರಾತ್ರಿಯ ಹೊತ್ತು ಪ್ರಯೋಗಗಳು ನಡೆದವು. 1983ರಲ್ಲಿ ಅವರ ಕೈಗೆ ಬಂದ ಮೊದಲ ವಸ್ತು ಕಣ್ಣು ತೊಳೆಯುವ ಒಂದು ಪುಟ್ಟ ಬಟ್ಟಲು.

ಈಗ ನಕ್ಷೆಯು ವಸ್ತುವಾಗುವ ಬಗೆಯನ್ನು ಕೊಂಚ ವಿಸ್ತಾರವಾಗಿ ನೋಡಬೇಕು. ಈ ಸಭೆಯಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ವಸ್ತುವನ್ನೇ ಉದಾಹರಣೆಗೆ ತೆಗೆದುಕೊಳ್ಳುವುದು ಲೇಸು. ಅದು ಕರಡಿಗೆ. ಇಷ್ಟಲಿಂಗವನ್ನಿಡುವ ಈ ಸಂಪುಟಕ್ಕೆ ಒಂದು ಒಡಲು, ಒಂದು ಮುಚ್ಚಳ, ಶಿವದಾರವು ಹಾಯ್ದುಹೋಗಲು ಎರಡು ಕುಣಿಕೆಗಳು. ಎತ್ತರವು ಒಂದೂವರೆ ಇಂಚು ಎಂದಿಟ್ಟುಕೊಳ್ಳಬಹುದು. ಅಕ್ಕಸಾಲಿಗನು ಬೆಳ್ಳಿಯನ್ನು ತಟ್ಟುವುದಕ್ಕೆ ಮುಂಚೆ ಹೊಸ ಆಕಾರದ ಒಂದು ಮಾದರಿಯನ್ನು ಕಣ್ಣಾರೆ ಕಾಣಬೇಕೆಂದು ಬಯಸಿದನೆನ್ನೋಣ.

ಮೊದಲ ಕೆಲಸವು ಕಂಪ್ಯೂಟರಿನಲ್ಲಿ ನಡೆಯುವುದು. ಅಲ್ಲಿ ಬರೆಯುವ ನಕ್ಷೆಯು ಕಾಗದದ ಮೇಲಿನ ಚಿತ್ರದಂತೆ ಉದ್ದಗಲಗಳಿಗೆ ಮಾತ್ರ ಸೀಮಿತವಲ್ಲ. ಆಳವೂ ಸೇರಿ ಮೂರು ಪರಿಮಾಣಗಳುಳ್ಳದ್ದು. ಪರದೆಯ ಮೇಲೆ ಅದನ್ನು ತಿರುಗಿಸಿ ಬೆನ್ನು ನೋಡಬಹುದು, ಕತ್ತರಿಸಿ ಒಳಗು ನೋಡಬಹುದು. ಆದರೆ ಅದಕ್ಕೆ ತೂಕವಿಲ್ಲ, ಸ್ಪರ್ಶವಿಲ್ಲ. ಈ ನಕ್ಷೆಯ ಹೊರಮೈಯನ್ನು ಕಂಪ್ಯೂಟರು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಒಡೆಯುತ್ತದೆ. ಗೋಲವಾದ ಮೈಯನ್ನು ಚಪ್ಪಟೆ ತುಂಡುಗಳಿಂದ ಹೊದಿಸುವಾಗ ತುಂಡುಗಳು ದೊಡ್ಡವಾದರೆ ಅಂಚುಗಳು ಎದ್ದು ಕಾಣುವುವು. ಚಿಕ್ಕವಾದಷ್ಟೂ ಗೋಲವು ನಯವಾಗುವುದು. ಹಲ್ಲರ ಕಂಪನಿಗಾಗಿ 1987ರಲ್ಲಿ ರೂಪಿತವಾದ ಎಸ್‌ಟಿಎಲ್ ಎಂಬ ಕಡತದ ಪದ್ಧತಿಯು ಇಂದಿಗೂ ಈ ತ್ರಿಕೋನಗಳ ಪಟ್ಟಿಯೇ ಆಗಿದೆ. ಎರಡು ತ್ರಿಕೋನಗಳ ನಡುವೆ ಸಂದು ಉಳಿದರೆ ಕರಡಿಗೆಯ ಒಳಗಾವುದು, ಹೊರಗಾವುದು ಎಂಬುದು ಯಂತ್ರಕ್ಕೆ ತಿಳಿಯದೆ ಕೆಲಸ ಕೆಡುವುದು.

ಇಲ್ಲಿ ಒಂದು ವಿನೋದವೂ ಉಂಟು. ಈ ಕಡತದಲ್ಲಿ ಅಂಕಿಗಳಿರುತ್ತವೆಯೇ ಹೊರತು ಅವು ಯಾವ ಅಳತೆಯವೆಂಬ ಸೂಚನೆಯಿರುವುದಿಲ್ಲ. ನಕ್ಷೆಯನ್ನು ಇಂಚಿನ ಲೆಕ್ಕದಲ್ಲಿ ಬರೆದು ಕಳಿಸಿದರೆ, ಮಿಲಿಮೀಟರನ್ನೇ ನಂಬಿರುವ ಯಂತ್ರವು ಒಂದೂವರೆ ಇಂಚಿನ ಕರಡಿಗೆಯನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿ, ಸಾಸಿವೆಕಾಳಿನಷ್ಟು ಮಾಡಿ ಮುಂದಿಡುವುದು. ಯಂತ್ರವು ಸುಳ್ಳಾಡಲಿಲ್ಲ; ಹೇಳಿದ್ದನ್ನು ಹೇಳಿದಂತೆ ಮಾಡಿತು. ಈ ಯಂತ್ರಗಳೊಡನೆ ದುಡಿಯುವವರಲ್ಲಿ ಈ ತಪ್ಪನ್ನು ಒಮ್ಮೆಯೂ ಮಾಡದವರು ವಿರಳ.

ಬಳಿಕ ಇನ್ನೊಂದು ಗಣಿತವಿಧಾನವು ಈ ಆಕಾರವನ್ನು ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುವಂತೆ ಅಡ್ಡಲಾಗಿ ಹೆಚ್ಚುತ್ತದೆ. ಒಂದೊಂದು ಬಿಲ್ಲೆಯ ದಪ್ಪವು 0.2 ಮಿಲಿಮೀಟರು ಎಂದರೆ ಒಂದೂವರೆ ಇಂಚಿನ ಕರಡಿಗೆಗೆ ಸುಮಾರು 190 ಬಿಲ್ಲೆಗಳಾದುವು. ಪ್ರತಿಯೊಂದು ಬಿಲ್ಲೆಯ ಹೊರಗೆರೆ ಎಲ್ಲಿ, ಒಳಗನ್ನು ಹೇಗೆ ತುಂಬಬೇಕು, ಯಂತ್ರದ ಮೂತಿಯು ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು, ಎಷ್ಟು ವೇಗದಿಂದ ಹೋಗಬೇಕು ಎಂಬ ಆಜ್ಞೆಗಳು ಸಾಲುಸಾಲಾಗಿ ಸಿದ್ಧವಾಗುವುವು. ಇಲ್ಲಿಗೆ ಕಂಪ್ಯೂಟರಿನ ಕೆಲಸ ತೀರಿತು.

ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇಂದು ಕಾಣಬರುವ ಅಗ್ಗದ ಯಂತ್ರವನ್ನು ತಿಳಿಯಬೇಕಾದರೆ ತಾಯಂದಿರು ಚಕ್ಕುಲಿಯ ಒರಳನ್ನು ನೆನೆದರೆ ಸಾಕು. ಒರಳಿನಿಂದ ಹಿಟ್ಟಿನ ಎಳೆಯು ಇಳಿಯುವಂತೆ, ಕಾದ ಮೂತಿಯಿಂದ ಕರಗಿದ ಪ್ಲಾಸ್ಟಿಕ್ಕಿನ ಎಳೆಯು ಇಳಿಯುವುದು. ಮೂತಿಯ ರಂಧ್ರವು ಸಾಮಾನ್ಯವಾಗಿ 0.4 ಮಿಲಿಮೀಟರು, ಮೆಕ್ಕೆಜೋಳ ಅಥವಾ ಕಬ್ಬಿನಿಂದ ತಯಾರಾಗುವ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಬಳಸುವುದಾದರೆ ಶಾಖವು ಸುಮಾರು 200 ಡಿಗ್ರಿ. ಒಂದು ಪದರವನ್ನು ಎಳೆಯೆಳೆಯಾಗಿ ಬಿಡಿಸಿ ಮುಗಿದೊಡನೆ ಮೂತಿಯು 0.2 ಮಿಲಿಮೀಟರಿನಷ್ಟು ಮೇಲಕ್ಕೇರುವುದು. ಮತ್ತೆ ಅದೇ ಕ್ರಮ. ಈ ವಿಧಾನದ ಮೂಲಪುರುಷರು ಅಮೇರಿಕೆಯ ಸ್ಕಾಟ್ ಕ್ರಂಪ್. 1988ರಲ್ಲಿ ತಮ್ಮ ಪುಟ್ಟ ಮಗಳಿಗೊಂದು ಆಟಿಕೆಯ ಕಪ್ಪೆಯನ್ನು ಮಾಡಿಕೊಡಲು ಹೊರಟು, ಬಿಸಿ ಅಂಟನ್ನು ಹಿಂಡುವ ಕೈಪಿಸ್ತೂಲಿನಲ್ಲಿ ಪ್ಲಾಸ್ಟಿಕ್ಕನ್ನೂ ಮೇಣವನ್ನೂ ಬೆರಸಿ ತುಂಬಿ ಪದರಪದರವಾಗಿ ಕಪ್ಪೆಯನ್ನು ಕಟ್ಟಿದರು. ಅವರ ಪೇಟೆಂಟಿನ ಅವಧಿಯು 2009ರಲ್ಲಿ ಮುಗಿಯಿತು. ಅಷ್ಟರೊಳಗೆ, 2005ರಿಂದಲೇ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಎಂಬ ಅಧ್ಯಾಪಕರು ತನ್ನ ಬಿಡಿಭಾಗಗಳಲ್ಲಿ ಅನೇಕವನ್ನು ತಾನೇ ಮಾಡಿಕೊಳ್ಳಬಲ್ಲ ಯಂತ್ರವೊಂದರ ಕೆಲಸವನ್ನಾರಂಭಿಸಿ, ಅದರ ನಕ್ಷೆಗಳನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿದ್ದರು. ಲಕ್ಷಗಳಲ್ಲಿದ್ದ ಬೆಲೆಯು ಸಾವಿರಗಳಿಗಿಳಿದುದು ಇವೆರಡರಿಂದ.

ಇನ್ನು ಕರಡಿಗೆಗೆ ಮರಳಬಹುದು. ಕೆಲವು ಗಂಟೆಗಳಲ್ಲಿ ಅದು ಯಂತ್ರದ ಹಾಸಿನ ಮೇಲೆ ಸಿದ್ಧವಾಯಿತು. ಕುಣಿಕೆಗಳು ಗಾಳಿಯಲ್ಲಿ ಚಾಚಿಕೊಂಡಿರುವುದರಿಂದ, ಕೆಳಗೆ ಏನೂ ಇಲ್ಲದೆ ಎಳೆಯು ನಿಲ್ಲಲಾರದೆಂದು, ಕಟ್ಟಡಕ್ಕೆ ಸಾರವೆ ಕಟ್ಟುವಂತೆ ಯಂತ್ರವು ತೆಳುವಾದ ಊರೆಗಳನ್ನೂ ಕಟ್ಟಿರುತ್ತದೆ. ಅವನ್ನು ಕೈಯಿಂದ ಮುರಿದು ತೆಗೆದು, ಉಜ್ಜುಕಾಗದದಿಂದ ಉಜ್ಜಬೇಕು. ಈಗ ಮುಚ್ಚಳವನ್ನಿಟ್ಟರೆ, ಕೂಡುವುದಿಲ್ಲ! ನಕ್ಷೆಯಲ್ಲಿ ಒಡಲಿನ ಬಾಯಿಗೂ ಮುಚ್ಚಳದ ಅಂಚಿಗೂ ಒಂದೇ ಅಳತೆಯನ್ನು ಕೊಟ್ಟಿತ್ತು. ಲೆಕ್ಕದಲ್ಲಿ ಸಮವು ಸಮವೇ; ಆದರೆ ವಸ್ತುವಿನಲ್ಲಿ ಎಳೆಯು ಕೊಂಚ ಹರಡಿಕೊಳ್ಳುವುದು, ಪ್ಲಾಸ್ಟಿಕ್ಕು ಆರುವಾಗ ಕೊಂಚ ಸಂಕೋಚಗೊಳ್ಳುವುದು. ಎರಡರ ನಡುವೆ 0.2 ಅಥವಾ 0.3 ಮಿಲಿಮೀಟರಿನ ಸಡಿಲು ಬೇಕು. ಆ ಸಡಿಲನ್ನು ಪರದೆಯು ಹೇಳಲಿಲ್ಲ, ಬೆರಳು ಹೇಳಿತು.

ತಿದ್ದಿ ಇನ್ನೊಂದನ್ನು ಮಾಡಿದ್ದಾಯಿತು. ಈಗ ಮುಚ್ಚಳ ಕೂಡಿತು; ಶಿವದಾರವನ್ನು ಪೋಣಿಸಿ ಜಗ್ಗಿದರೆ ಕುಣಿಕೆಯು ಟಪ್ಪನೆ ಕಿತ್ತುಬಂತು. ಮುರಿದ ಜಾಗವನ್ನು ನೋಡಿದರೆ ಎರಡು ಪದರಗಳು ಕೂಡಿದ ಗೆರೆಗುಂಟ ಮುರಿದಿದೆ. ಪದರಗಳಿಂದ ಕಟ್ಟಿದ ವಸ್ತುವಿನ ಸ್ವಭಾವವೇ ಇದು. ಎಳೆಯ ಉದ್ದಕ್ಕೆ ಜಗ್ಗಿದರೆ ಗಟ್ಟಿ, ಪದರಗಳನ್ನು ಒಂದರಿಂದೊಂದು ಅಗಲಿಸುವಂತೆ ಜಗ್ಗಿದರೆ ಮೆತ್ತಗೆ; ಸೌದೆಯು ನಾರುಗುಂಟ ಸೀಳುವಂತೆ. ಇದಕ್ಕೆ ಪರಿಹಾರವೆಂದರೆ ವಸ್ತುವನ್ನು ಯಂತ್ರದೊಳಗೆ ಬೇರೆ ಮಗ್ಗುಲಾಗಿ ಮಲಗಿಸಿ ಕಟ್ಟುವುದು, ಇಲ್ಲವೆ ಕುಣಿಕೆಯ ಬುಡವನ್ನು ದಪ್ಪಮಾಡುವುದು. ಎದೆಯ ಮೇಲಿನ ಕರಡಿಗೆಯ ಕುಣಿಕೆ ಕಿತ್ತರೆ ಆಗುವ ಅನರ್ಥವೇನೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾದುದಿಲ್ಲ. ಅದು ಮೇಜಿನ ಮೇಲೆ, ಮಾದರಿಯಲ್ಲಿ, ಲಿಂಗವು ಅದರೊಳಗಿಲ್ಲದಾಗಲೇ ಕಿತ್ತುದು ಒಳ್ಳೆಯದಾಯಿತು. ಶರಣರು ನಡೆ ನುಡಿಗಳೊಂದಾಗಬೇಕೆಂದರು. ನಕ್ಷೆಯು ನುಡಿ, ವಸ್ತುವು ನಡೆ. ನುಡಿಯಲ್ಲಿ ಕಾಣದ ಕೊರತೆಯು ನಡೆಯಲ್ಲಿ ಬೇಗನೆ, ಅಲ್ಪವೆಚ್ಚದಲ್ಲಿ, ಯಾರಿಗೂ ಕೇಡಾಗದಂತೆ ಕೈಗೆ ಸಿಕ್ಕುವುದೇ ಈ ಯಂತ್ರದ ನಿಜವಾದ ಉಪಕಾರ. ಸುಂದರವಾದ ಮಾದರಿಗಿಂತ ಮುರಿದ ಮಾದರಿಯು ಹೆಚ್ಚನ್ನು ಕಲಿಸುವುದು.

ಹೀಗೆ ನಿಶ್ಚಯವಾದ ಆಕಾರವನ್ನು ಪ್ಲಾಸ್ಟಿಕ್ಕಿಗೆ ಬದಲಾಗಿ ಮೇಣದಲ್ಲಿ ಅಥವಾ ಮೇಣದಂತೆ ಸುಟ್ಟುಹೋಗುವ ರಾಳದಲ್ಲಿ ಕಟ್ಟಿಕೊಡುವ ಯಂತ್ರಗಳೂ ಇವೆ. ಆಭರಣ ತಯಾರಿಸುವವರು ಅಂಥ ಮಾದರಿಯನ್ನು ಸುಣ್ಣದಂತಹ ಗಾರೆಯಲ್ಲಿ ಹುದುಗಿಸಿ, ಕುಲುಮೆಯಲ್ಲಿಟ್ಟು ಮೇಣವನ್ನು ಕಳೆದು, ಆ ಟೊಳ್ಳಿಗೆ ಬೆಳ್ಳಿಬಂಗಾರವನ್ನು ಎರೆಯುತ್ತಾರೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಸೋಮೇಶ್ವರ ಭೂಪನು ಬರೆದಿಟ್ಟ ಕ್ರಮವೇ.

ಲೋಹವನ್ನೇ ನೇರವಾಗಿ ಕಟ್ಟುವ ವಿಧಾನವೂ ಬಂದಿದೆ. ಟೆಕ್ಸಾಸಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಕಾರ್ಲ್ ಡೆಕರ್ಡ್ ಎಂಬವರು 1980ರ ದಶಕದಲ್ಲಿ, ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದೆಡೆ ಮಾತ್ರ ಲೇಸರಿನ ಶಾಖದಿಂದ ಬೆಸೆಯುವ ಉಪಾಯವನ್ನು ಕಂಡುಹಿಡಿದರು. ಸುತ್ತಲಿನ ಸಡಿಲ ಪುಡಿಯು ವಸ್ತುವಿಗೆ ಹಾಸಿಗೆಯಂತಿರುವುದು. ಅದೇ ಜಾತಿಯ ವಿಧಾನದಿಂದ ಲೋಹದ ಪುಡಿಯನ್ನು ಪೂರ್ಣವಾಗಿ ಕರಗಿಸಿ ಕಟ್ಟಿದ ರಾಕೆಟ್ ಎಂಜಿನ್ ಒಂದನ್ನು ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಇಸ್ರೋ ಸಂಸ್ಥೆಯು 2024ನೆಯ ಇಸವಿ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಅದು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತಕ್ಕೆ ಸೇರಿದ ಎಂಜಿನ್. ಮೊದಲು 14 ಭಾಗಗಳನ್ನು ಜೋಡಿಸಬೇಕಾಗಿದ್ದುದು ಒಂದೇ ಭಾಗವಾಯಿತು. 19 ಬೆಸುಗೆಗಳು ಬೇಡವಾದುವು. 565 ಕಿಲೋಗ್ರಾಂ ಲೋಹವು ಬೇಕಾಗುತ್ತಿದ್ದಲ್ಲಿ 13.7 ಕಿಲೋಗ್ರಾಂ ಪುಡಿಯು ಸಾಕಾಯಿತು. ತಯಾರಿಕೆಯ ಕಾಲವು ನೂರಕ್ಕೆ 60ರಷ್ಟು ಇಳಿಯಿತು. ಇಲ್ಲಿ ಮಾದರಿಯೂ ವಸ್ತುವೂ ಬೇರೆಬೇರೆಯಲ್ಲ. ಬೆಂಗಳೂರಿನ ಹಲಸೂರಿನ ಬಳಿ, ಕೇಂಬ್ರಿಜ್ ಲೇಔಟಿನಲ್ಲಿ, 1,021 ಚದರ ಅಡಿಯ ಅಂಚೆ ಕಚೇರಿಯೊಂದನ್ನು ಇದೇ ಮೂರನೆಯ ಮಾರ್ಗದಿಂದ ಕಾಂಕ್ರೀಟಿನ ಪದರಗಳಲ್ಲಿ ಕಟ್ಟಿ 2023ನೆಯ ಆಗಸ್ಟ್ 18ರಂದು ತೆರೆದುದು ಪತ್ರಿಕೆಗಳನ್ನು ಓದುವವರಿಗೆ ನೆನಪಿರಬಹುದು. ಅದರ ಗೋಡೆಗಳ ಮೇಲೆ ವರಸೆಗಳು ಬರಿಗಣ್ಣಿಗೇ ಕಾಣುತ್ತವೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಬಡಗಿಯ ಗತಿಯೇನು, ಕಮ್ಮಾರನ ಗತಿಯೇನು, ಕಾಯಕವು ಯಂತ್ರದ ಪಾಲಾಯಿತೇ ಎಂಬ ಪ್ರಶ್ನೆಯು ಏಳದಿರದು. ಇದು ಹಗುರವಾದ ಪ್ರಶ್ನೆಯಲ್ಲ. ಮಾದರಿಗಳನ್ನು ಮರದಲ್ಲಿ ಕೆತ್ತುತ್ತಿದ್ದ ಅನೇಕರ ಕೆಲಸವು ಹೋದುದು ನಿಜ. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಯಂತ್ರಕ್ಕೂ ಮಿತಿಗಳಿವೆ. ಒಂದು ವಸ್ತುವಿಗೆ ಮೂರು ಗಂಟೆ ಹಿಡಿದರೆ ನೂರನೆಯದಕ್ಕೂ ಮೂರೇ ಗಂಟೆ. ಹತ್ತುಸಾವಿರ ಬಟ್ಟಲುಗಳು ಬೇಕಾದವರಿಗೆ ಉಕ್ಕಿನ ಅಚ್ಚೇ ಅಗ್ಗ. ಆದರೆ ಈ ಪ್ರಶ್ನೆಗೆ ತರ್ಕಕ್ಕಿಂತ ಒಬ್ಬ ಬಡಗಿಯ ವೃತ್ತಾಂತವೇ ತಕ್ಕ ಉತ್ತರವಾದೀತು.

ದಕ್ಷಿಣ ಆಫ್ರಿಕೆಯ ಜೊಹಾನ್ಸ್‌ಬರ್ಗಿನ ರಿಚರ್ಡ್ ವಾನ್ ಆಸ್ ಎಂಬವರು ಮರಗೆಲಸದವರು. 2011ರಲ್ಲಿ ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ಅವರ ಬಲಗೈಯ ಬೆರಳುಗಳು ತುಂಡಾದವು. ಬಡಗಿಗೆ ಬೆರಳು ಹೋಯಿತೆಂದರೆ ಕಾಯಕವೇ ಹೋದಂತೆ. ಕೃತಕ ಬೆರಳುಗಳ ಬೆಲೆಯನ್ನು ವಿಚಾರಿಸಿದರೆ ಅದು ಅವರ ಶಕ್ತಿಗೆ ಮೀರಿದುದಾಗಿತ್ತು. ಆಗ ಅವರು ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳುವುದಾಗಿ ನಿಶ್ಚಯಿಸಿದರು. ಅಂತರ್ಜಾಲದಲ್ಲಿ ಹುಡುಕುತ್ತಿರಲು, ಅಮೇರಿಕೆಯ ವಾಷಿಂಗ್ಟನ್ ಸಂಸ್ಥಾನದ ಐವನ್ ಓವೆನ್ ಎಂಬವರು ವೇಷಭೂಷಣಕ್ಕಾಗಿ ಮಾಡಿದ ದೊಡ್ಡದೊಂದು ಯಾಂತ್ರಿಕ ಹಸ್ತದ ಚಲಚ್ಚಿತ್ರವು ಕಣ್ಣಿಗೆ ಬಿತ್ತು. ಕಾಗದ ಬರೆದರು, ಸಾವಿರಾರು ಮೈಲಿಗಳ ಅಂತರದಲ್ಲಿ ಇಬ್ಬರೂ ಕೂಡಿ ದುಡಿಯತೊಡಗಿದರು. ಅಷ್ಟರಲ್ಲಿ, ಹುಟ್ಟಿನಿಂದಲೇ ಬಲಗೈಯ ಬೆರಳುಗಳಿಲ್ಲದ ಐದು ವರ್ಷದ ಬಾಲಕನೊಬ್ಬನ ತಾಯಿಯು ಇವರ ವಿಷಯವನ್ನು ತಿಳಿದು ಮೊರೆಯಿಟ್ಟಳು. ಆ ಮಗುವೂ ದಕ್ಷಿಣ ಆಫ್ರಿಕೆಯದೇ.

ದಾರಿಯನ್ನು ಹುಡುಕುತ್ತ ಓವೆನ್ನರಿಗೆ ಹಳೆಯದೊಂದು ಹಸ್ತವು ಗೊತ್ತಾಯಿತು. 19ನೆಯ ಶತಮಾನದಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಒಬ್ಬ ದಂತವೈದ್ಯನು ಕೋಲ್ಸ್ ಎಂಬ ಸೈನಿಕನಿಗಾಗಿ ತಿಮಿಂಗಿಲದ ಎಲುಬನ್ನು ಕೆತ್ತಿ, ರಾಟೆ ಮತ್ತು ಹುರಿಗಳನ್ನು ಕೂಡಿಸಿ ಅದನ್ನು ಮಾಡಿದ್ದನು. ಅದರ ತತ್ತ್ವವನ್ನೇ ಇವರು ಅವಲಂಬಿಸಿದರು. ಮಣಿಕಟ್ಟನ್ನು ಕೆಳಗೆ ಬಾಗಿಸಿದರೆ ಹುರಿಗಳು ಬಿಗಿದು ಐದು ಬೆರಳುಗಳೂ ಮಡಿಯುವುವು. ನೆಟ್ಟಗೆ ಮಾಡಿದರೆ ಬಿಚ್ಚಿಕೊಳ್ಳುವುವು. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ.

ಮೊದಮೊದಲು ಪ್ರತಿಯೊಂದು ತುಣುಕನ್ನೂ ಕೈಯಿಂದಲೇ ಮಾಡಬೇಕಾಗಿತ್ತು. ಒಂದು ಬೆರಳಿನ ಗೆಣ್ಣು ಎರಡು ಮಿಲಿಮೀಟರು ಹೆಚ್ಚಾಯಿತೆಂದರೆ ಅದನ್ನು ಬಿಸುಟು ಮತ್ತೆ ಮಾಡಬೇಕು. ಓವೆನ್ನರು ಅಲ್ಲಿ ಕಲ್ಪಿಸಿದುದು ಇಲ್ಲಿ ಬಡಗಿಯ ಕೈಗೆ ಬರುವಷ್ಟರಲ್ಲಿ ಬಹುದಿನಗಳು ಕಳೆಯುತ್ತಿದ್ದುವು. ಆಗ ಅಮೇರಿಕೆಯ ಮೇಕರ್‌ಬಾಟ್ ಎಂಬ ಕಂಪನಿಯವರು ಇಬ್ಬರಿಗೂ ಒಂದೊಂದರಂತೆ ಒಂದೇ ಬಗೆಯ ಎರಡು ಮಾದರಿಯಂತ್ರಗಳನ್ನು ಉಚಿತವಾಗಿ ಕೊಟ್ಟರು. ಆ ದಿನದಿಂದ ಕೆಲಸದ ಸ್ವರೂಪವೇ ಬೇರೆಯಾಯಿತು. ಅಲ್ಲಿ ಒಬ್ಬರು ಗೆಣ್ಣನ್ನು ತಿದ್ದಿ ನಕ್ಷೆಯನ್ನು ಕಳಿಸಿದರೆ, ಭೂಮಿಯ ಆಚೆಯ ಮಗ್ಗುಲಲ್ಲಿ ಇನ್ನೊಬ್ಬರು ಅದೇ ದಿನ ಅದೇ ಗೆಣ್ಣನ್ನು ಬೆರಳುಗಳ ನಡುವೆ ಹಿಡಿದು ನೋಡಬಲ್ಲವರಾದರು. ಹಡಗು ಬೇಡ, ಅಂಚೆ ಬೇಡ. ನಕ್ಷೆಯು ಮಾತ್ರ ದಾರಿ ನಡೆಯಿತು, ವಸ್ತುವು ಹೋದಲ್ಲಿಯೇ ಹುಟ್ಟಿತು.

ಆದರೆ ಹಸ್ತವು ಮಗುವಿನ ಮೈಗೆ ಒಗ್ಗಿತೇ, ಎಲ್ಲಿ ಒತ್ತುತ್ತದೆ, ಎಲ್ಲಿ ತೊಗಲು ಕೆಂಪಾಗುತ್ತದೆ, ಹುರಿಯು ಎಷ್ಟು ಬಿಗಿಯಿರಬೇಕು ಎಂಬುದನ್ನು ಯಾವ ಯಂತ್ರವೂ ಹೇಳಲಿಲ್ಲ. ಅದನ್ನು ನೋಡಿ ತಿಳಿದವರು ಗರಗಸಕ್ಕೆ ಬೆರಳು ಕೊಟ್ಟಿದ್ದ ಆ ಬಡಗಿ. ಜೀವಮಾನವೆಲ್ಲ ಮರದ ಸಂದನ್ನು ಸಂದಿಗೆ ಕೂಡಿಸಿದ ಅನುಭವವು ಅವರ ಕೆಲಸಕ್ಕೆ ಬಂತು. ಮರದ ಮಾದರಿಯನ್ನು ಕೆತ್ತುವ ಕೆಲಸವು ಹೋಯಿತು, ಕೂಡಿಸಿ ನೋಡುವ ಕಣ್ಣು ಉಳಿಯಿತು.

ಈ ಹಸ್ತದ ನಕ್ಷೆಗೆ ಅವರು ಪೇಟೆಂಟನ್ನು ಅಪೇಕ್ಷಿಸಲಿಲ್ಲ. 2013ರಲ್ಲಿ ಅದನ್ನು ಯಾರು ಬೇಕಾದರೂ ಇಳಿಸಿಕೊಂಡು ಮಾಡಿಕೊಳ್ಳಲೆಂದು ಅಂತರ್ಜಾಲದಲ್ಲಿ ಇರಿಸಿದರು. ಅದೇ ವರ್ಷ ಅಮೇರಿಕೆಯ ರಾಚೆಸ್ಟರಿನ ಜಾನ್ ಶುಲ್ ಎಂಬ ಅಧ್ಯಾಪಕರು, ಯಂತ್ರವುಳ್ಳವರನ್ನೂ ಹಸ್ತವು ಬೇಕಾದವರನ್ನೂ ಕೂಡಿಸುವ ಇ-ನೇಬಲ್ ಎಂಬ ಸ್ವಯಂಸೇವಕರ ಕೂಟವನ್ನಾರಂಭಿಸಿದರು. ಶಾಲೆಗಳು, ಗ್ರಂಥಾಲಯಗಳು, ಮನೆಗಳಲ್ಲಿ ಯಂತ್ರವಿಟ್ಟುಕೊಂಡವರು ಇದಕ್ಕೆ ಕೈಗೂಡಿಸಿದರು. ಕಾಣದ ಮಗುವಿಗಾಗಿ ರಾತ್ರಿಯೆಲ್ಲ ಯಂತ್ರವನ್ನು ನಡೆಸಿ, ಬೆಳಗ್ಗೆ ಊರೆಗಳನ್ನು ಕಿತ್ತು, ಉಜ್ಜಿ, ಹುರಿಕಟ್ಟಿ ಕಳಿಸುವುದಕ್ಕೆ ಅವರ ಭಾಷೆಯಲ್ಲಿ ಏನು ಹೆಸರೋ; ಈ ಮಠದ ಭಾಷೆಯಲ್ಲಿ ಅದಕ್ಕೆ ದಾಸೋಹವೆಂಬ ಹೆಸರಿದೆ.

ಆ ಹಸ್ತದ ಗುಣವನ್ನು ಅತಿಯಾಗಿ ಹೊಗಳಲಾಗದು. ಅದು ಚೆಂಡನ್ನು ಹಿಡಿಯುವುದು, ಬಟ್ಟಲನ್ನು ಹಿಡಿಯುವುದು, ಭಾರವನ್ನೆತ್ತಲಾರದು. ಮಣಿಕಟ್ಟೇ ಇಲ್ಲದವರಿಗೆ ಈ ಬಗೆಯದು ನಡೆಯದು. ಜೋಳದ ಪ್ಲಾಸ್ಟಿಕ್ಕಿನಿಂದ ಮಾಡಿದುದಾದರೆ ಸುಮಾರು 60 ಡಿಗ್ರಿಯ ಶಾಖಕ್ಕೆ ಮೆತ್ತಗಾಗುವುದರಿಂದ, ಬೇಸಿಗೆಯಲ್ಲಿ ಮುಚ್ಚಿದ ಮೋಟಾರಿನೊಳಗೆ ಬಿಟ್ಟುಹೋದರೆ ಸೊಟ್ಟಗಾಗುವುದು. ಕರಡಿಗೆಯ ಕುಣಿಕೆಯಂತೆ ಪದರಗುಂಟ ಬೆರಳು ಮುರಿಯುವುದೂ ಉಂಟು. ಆಗ ಆ ಒಂದು ಬೆರಳನ್ನು ಮಾತ್ರ ಮತ್ತೆ ಮಾಡಿಕೊಳ್ಳುತ್ತಾರೆ.

ಮಗುವು ಬೆಳೆಯುತ್ತದೆ, ಹಸ್ತವು ಬೆಳೆಯದು. ವರ್ಷ ಒಂದೆರಡಾಗುವಷ್ಟರಲ್ಲಿ ಅದು ಚಿಕ್ಕದಾಗುವುದು. ಆಗ ಹಳೆಯ ನಕ್ಷೆಯನ್ನೇ ತೆರೆದು ನೂರಕ್ಕೆ ಇಷ್ಟೆಂದು ಹಿಗ್ಗಿಸಿ ಮತ್ತೊಂದನ್ನು ಕಟ್ಟುತ್ತಾರೆ. ಇಲ್ಲಿಯೂ ಹೊಸಬರು ಎಡವುವ ಒಂದು ಎಡೆಯಿದೆ. ನಕ್ಷೆಯನ್ನು ಹಿಗ್ಗಿಸಿದರೆ ಬೆರಳುಗಳೊಡನೆ ಗೆಣ್ಣಿನ ಮೊಳೆಯ ರಂಧ್ರಗಳೂ ಹಿಗ್ಗುವುವು; ಅಂಗಡಿಯಲ್ಲಿ ಸಿಕ್ಕುವ ಮೊಳೆಯು ಮಾತ್ರ ಮೊದಲಿನ ಅಳತೆಯದೇ. ಮೊಳೆ ಸಡಿಲಾಗಿ ಬೆರಳುಗಳು ಅಲ್ಲಾಡತೊಡಗುವುವು. ಆದುದರಿಂದ ಬಲ್ಲವರು ಹಸ್ತವನ್ನು ಹಿಗ್ಗಿಸಿದ ಮೇಲೆ ರಂಧ್ರಗಳನ್ನು ಒಂದೊಂದಾಗಿ ಹಳೆಯ ಅಳತೆಗೆ ತಂದು, ಮೊದಲು ಒಂದೇ ಒಂದು ಗೆಣ್ಣನ್ನು ಮಾಡಿ, ಮೊಳೆಯನ್ನು ತೂರಿಸಿ ನೋಡಿ, ಆಮೇಲೆ ಉಳಿದುದಕ್ಕೆ ಕೈಹಾಕುತ್ತಾರೆ.